ಎದುರಾಳಿಯ ರಿಪೇರಿ

ನನ್ನ ಷಡ್ಡಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆಂಡತಿಯ ಅಕ್ಕನ ಗಂಡ ಅವರು. ಹರಿಹರದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿಯ ಕೆಲಸ. ಒಳ್ಳೆಯ ಮನುಷ್ಯ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಯಾರ ಮನೆಗೆ ಹೋದರೂ ಅಲ್ಲಿನ ಸಾಮಾನಿಗೆ ಸ್ಕ್ರೂಡ್ರೈವರ್ ಹಾಕದೆ ಅವರಿಗೆ ತಿಂದ ಅನ್ನ ಕರಗುವುದಿಲ್ಲ. ತೊಂಬತ್ತೆಂಟರ ಬೇಸಿಗೆಯಲ್ಲಿ ಅವರು ಅದನ್ನು ನನ್ನ ಕಂಪ್ಯೂಟರಿಗೆ ಹಾಕಿದರು.

ಆ ಕಂಪ್ಯೂಟರು ನಮ್ಮಲ್ಲಿಗೆ ಬಂದು ಎರಡು ವರ್ಷವಾಗುತ್ತಾ ಬಂದಿತ್ತು. ಮಂಡಿಪೇಟೆಯಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಅಂಗಡಿಗೆಂದೇ ಯಾರೋ ಬಳಸಿಬಿಟ್ಟದ್ದನ್ನು ನಾನು ಕೊಂಡು ತಂದಿದ್ದೆ. ಬೆಲ್ಲದ ಅಂಟು, ಇರುವೆ, ನೊಣಗಳ ನಡುವೆ ಇಂಥದ್ದು ಉಳಿಯುವುದಿಲ್ಲ ಎಂದು ಅಪ್ಪಾಜಿ ಅದನ್ನು ಮನೆಗೆ ಸಾಗಿಸಿದರು. ಮನೆಯಲ್ಲಿ ಅದಕ್ಕೆ ಯಾವ ಕೆಲಸವೂ ಇರಲಿಲ್ಲ. ಗೆಳೆಯನೊಬ್ಬ ಫ್ಲಾಪಿಯಲ್ಲಿ ಚದುರಂಗದ ಆಟವೊಂದನ್ನು ತಂದು ಹಾಕಿಕೊಟ್ಟ. ಅಲ್ಲಿಂದ ಮುಂದೆ ಅದು ಚದುರಂಗದ ಯಂತ್ರವೇ ಆಯಿತು.

ಮೊದಲ ಒಂದು ತಿಂಗಳು ದಿನವೂ ಸೋತೆ. ಸೋತು ಕೀಬೋರ್ಡನ್ನು ಕುಟ್ಟಿ ಎರಡು ಗುಂಡಿ ಕಿತ್ತು ಬಂದಿದ್ದವು. ಆಮೇಲೆ ದಸರಾ ಮುಗಿಯುವ ಹೊತ್ತಿಗೆ ಗೆಲ್ಲತೊಡಗಿದೆ. ಗೆದ್ದ ಮೊದಲ ದಿನ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಪರದೆ ತೋರಿಸಿದೆ. ಒಗ್ಗರಣೆ ಸೀಯುತ್ತದೆ ಎಂದು ಅವಳು ಅಷ್ಟಕ್ಕೇ ಹೋದಳು. ಇರಲಿ. ನನಗೆ ಗೊತ್ತಿತ್ತು: ನಾನು ಕಲಿತಿದ್ದೆ, ಬೆಳೆದಿದ್ದೆ, ಯಂತ್ರದ ಬೆವರಿಳಿಸುವ ಮಟ್ಟ ಮುಟ್ಟಿದ್ದೆ.

ನನಗೆ ಆಟ ಕಲಿಸಿದವರು ಅಪ್ಪಾಜಿ. ಮಧ್ಯಾಹ್ನ ಹಮಾಲರು ಊಟಕ್ಕೆ ಹೋದಾಗ ಅಂಗಡಿಯ ಗಾದಿಯ ಮೇಲೆ ಮಣೆ ಬಿಡಿಸಿ, ನಾನು ಕಾಲೇಜು ಬಿಟ್ಟು ಅಂಗಡಿಗೆ ಕೂತಂದಿನಿಂದ, ದಿನಕ್ಕೊಂದು ಆಟ ಆಡುತ್ತಿದ್ದೆವು. ನಮ್ಮಿಬ್ಬರ ನಡುವೆ ಬೇರೆ ಮಾತುಕತೆ ಕಡಿಮೆ. ಬೆಲ್ಲದ ದರ, ಲಾರಿ ಬಂತೇ ಇಲ್ಲವೇ, ಇಷ್ಟೇ. ಉಳಿದದ್ದನ್ನೆಲ್ಲ ಆ ಮಣೆಯ ಮೇಲೆ ಮುಗಿಸುತ್ತಿದ್ದೆವು. ಬರಬರುತ್ತಾ ನಾನೇ ಹೆಚ್ಚು ಗೆಲ್ಲುತ್ತಿದ್ದೆ. ಕಂಪ್ಯೂಟರನ್ನು ಸೋಲಿಸತೊಡಗಿದ ಮೇಲಂತೂ ಅಪ್ಪಾಜಿಯ ನಡೆಗಳು ನನಗೆ ಮಕ್ಕಳಾಟದಂತೆ ಕಂಡವು. ಒಂದು ಮಧ್ಯಾಹ್ನ ಎರಡು ಆಟ ಬೇಗ ಬೇಗ ಗೆದ್ದು, ನಿಮ್ಮ ಜೊತೆ ಆಡಿದರೆ ಆಡಿದ ಹಾಗೇ ಆಗುವುದಿಲ್ಲ, ಸುಮ್ಮನೆ ಹೊತ್ತು ಹಾಳು ಎಂದುಬಿಟ್ಟೆ. ಅಪ್ಪಾಜಿ ಹೌದೆಂದು ತಲೆಯಾಡಿಸಿ ಕಾಯಿಗಳನ್ನು ಡಬ್ಬಿಗೆ ತುಂಬಿದರು. ಅದಾಗಿ ಒಂದೂವರೆ ವರ್ಷ ನಾವು ಮಣೆ ಬಿಡಿಸಲಿಲ್ಲ. ಮಧ್ಯಾಹ್ನ ಅವರು ಪೇಪರ್ ಓದುತ್ತಿದ್ದರು, ನಾನು ಗೋಣಿಚೀಲಕ್ಕೆ ಒರಗಿ ನಿದ್ದೆ ಮಾಡುತ್ತಿದ್ದೆ.

ಇತ್ತ ಕಂಪ್ಯೂಟರನ್ನು ಸೋಲಿಸಿ ಸೋಲಿಸಿ ಬೇಸರ ಬಂತು. ಇನ್ನೂ ಗಟ್ಟಿ ಎದುರಾಳಿ ಬೇಕು ಎನಿಸಿತು. ಹೊಸ ಚದುರಂಗದ ಸಿ.ಡಿ.ಗಳು ಬಂದಿದ್ದವು, ನನ್ನ ಹಳೆಯ ಪೆಟ್ಟಿಗೆಯಲ್ಲಿ ಸಿ.ಡಿ. ತೂರಿಸಲು ಜಾಗವೇ ಇರಲಿಲ್ಲ. ಕಂಪ್ಯೂಟರ್ ಮಾರುವವನೊಬ್ಬ ಮನೆಗೆ ಬಂದು ನೋಡಿ, ಇದಕ್ಕೆ ವಯಸ್ಸಾಯಿತು, ಅಪ್‌ಗ್ರೇಡ್ ಮಾಡಿಸಿ ಎಂದ. ಏನೇನು ಬದಲಿಸಬೇಕೆಂದು ಕೇಳಿದರೆ ಮದರ್‌ಬೋರ್ಡ್, ಪ್ರೊಸೆಸರ್, ರ್‍ಯಾಮ್, ಹಾರ್ಡ್‌ಡಿಸ್ಕ್ ಎಂದು ಹೇಳುತ್ತಲೇ ಹೋದ. ಹಾಗಾದರೆ ಉಳಿಯುವುದೇನು ಎಂದೆ. ಮೇಲಿನ ತಗಡಿನ ಡಬ್ಬಿ ಇಟ್ಟುಕೊಳ್ಳಬಹುದು ಎಂದ. ಆದರೂ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಊರಲ್ಲಿ ಎಷ್ಟು ಜನಕ್ಕೆ ತಮ್ಮ ಕಂಪ್ಯೂಟರಿನ ಬುದ್ಧಿ ಸಾಲದೆ ಹೊಸದು ಬೇಕಾಗುತ್ತದೆ?

ಇದನ್ನೇ ಹರಿಹರದಲ್ಲಿ ಷಡ್ಡಕರ ಮನೆಗೆ ಊಟಕ್ಕೆ ಹೋದಾಗ ಎಲ್ಲರೆದುರು ಹೇಳಿದೆ. ಅವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, ಹೊಸದು ಯಾಕೆ, ಇದ್ದದ್ದನ್ನೇ ಒಮ್ಮೆ ಬಿಚ್ಚಿ ಸ್ವಚ್ಛ ಮಾಡಿ ನೋಡಬಾರದೇ, ಕಾರ್ಖಾನೆಯಲ್ಲಿ ಮೂವತ್ತು ವರ್ಷದ ಯಂತ್ರಗಳನ್ನೇ ಓಡಿಸುತ್ತಿದ್ದೇವೆ ಎಂದರು. ಯಂತ್ರ ಚೆನ್ನಾಗಿಯೇ ಇದೆ, ನನಗೆ ಸಾಲುತ್ತಿಲ್ಲ ಅಷ್ಟೇ ಎಂದೆ. ಅವರು ನಕ್ಕರು. ಆ ನಗೆಗೆ ನನ್ನ ಮೈಯೆಲ್ಲ ಉರಿದುಹೋಯಿತು. ಬಂದು ನೋಡಿ ಎಂದು ಸವಾಲು ಹಾಕಿ ಬಂದೆ. ಅದು ನನ್ನದೇ ತಪ್ಪು.

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಅವರು ಬಸ್ಸಿಳಿದು ಬಂದರು. ಕೈಚೀಲದಲ್ಲಿ ಎರಡು ಸ್ಕ್ರೂಡ್ರೈವರ್, ಒಂದು ಪೇಂಟ್ ಬ್ರಷ್, ಸೈಕಲ್ ಪಂಪು. ನಮ್ಮ ಮನೆಯಿಂದ ಮಂಡಕ್ಕಿ ಹುರಿಯುವ ಭಟ್ಟಿಗಳು ದೂರವಿಲ್ಲ. ಮುಚ್ಚಳ ತೆಗೆದರೆ ಒಳಗೆಲ್ಲ ಭಟ್ಟಿಯ ಮಸಿ. ಅವರು ಅದನ್ನು ಅಂಗಳಕ್ಕೆ ಒಯ್ದು, ಪಂಪಿನಿಂದ ಗಾಳಿ ಹೊಡೆದು, ಬ್ರಷ್ಷಿನಿಂದ ಗುಡಿಸಿ, ಫ್ಯಾನಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಟ್ಟರು. ನಾನು ಕೈಕಟ್ಟಿ ನಿಂತು ನೋಡುತ್ತಿದ್ದೆ. ನನ್ನ ಎದುರಾಳಿಯನ್ನು ಯಾರೋ ಕೂಸಿನ ಹಾಗೆ ಒರೆಸಿ ಸಿಂಗರಿಸುತ್ತಿದ್ದರೆ ಹೇಗೆ ಸಹಿಸುವುದು?

ಪೆಟ್ಟಿಗೆಯ ಮುಖದ ಮೇಲೆ ಅಮ್ಮ ಆಯುಧಪೂಜೆಗೆ ಹಚ್ಚಿದ್ದ ವಿಭೂತಿ, ಗಂಧ, ಕುಂಕುಮ ಒಣಗಿ ಹಕ್ಕಳೆಗಟ್ಟಿತ್ತು. ಪೂಜೆಗೆ ಹಚ್ಚಿದ್ದೆಂದು ನಾವ್ಯಾರೂ ಅದನ್ನು ಒರೆಸಿರಲಿಲ್ಲ. ಷಡ್ಡಕರು ಅಮ್ಮನ ಅಪ್ಪಣೆ ಕೇಳಿ, ಒದ್ದೆ ಬಟ್ಟೆಯಿಂದ ಮೆತ್ತಗೆ ಉಜ್ಜಿದರು. ಅದರಡಿಯಲ್ಲಿ ಒಂದು ಪುಟ್ಟ ಗುಂಡಿ ಇತ್ತು. ಗಂಧ ಗಟ್ಟಿಯಾಗಿ ಅದು ಅಲುಗಾಡದಂತೆ ಹಿಡಿದುಕೊಂಡಿತ್ತು. ಅವರು ಉಗುರಿನಿಂದ ಕೆರೆದು ಬಿಡಿಸಿ, ಕನ್ನಡಕ ಏರಿಸಿ, ಅದರ ಪಕ್ಕದಲ್ಲಿ ಬರೆದದ್ದನ್ನು ಓದಿದರು. ಟರ್ಬೊ.

"ಇದು ಹೊರಗೈತ್ರಿ. ಇದು ಒಳಗಿದ್ರ ಯಂತ್ರ ಜೋರು ಓಡ್ತೈತಿ, ಹೊರಗಿದ್ರ ನಿಧಾನ. ಇಷ್ಟ್ ದಿನ ನಿಧಾನದಾಗೇ ಓಡ್ಸೀರಿ ನೀವು," ಎಂದರು.

ನನಗೆ ಎಲ್ಲ ಒಟ್ಟಿಗೇ ಹೊಳೆಯಿತು. ಮೊದಲ ದಸರಾದಲ್ಲಿ ಅಮ್ಮ ವಿಭೂತಿ ಎಳೆದು, ನಡುವೆ ಕುಂಕುಮದ ಬೊಟ್ಟನ್ನು ಒತ್ತಿ ಇಟ್ಟಿದ್ದಳು. ಒತ್ತಿದ್ದು ಆ ಗುಂಡಿಯನ್ನು; ಒಮ್ಮೆ ಒತ್ತಿದರೆ ಒಳಗೆ ಕೂರುವ, ಮತ್ತೆ ಒತ್ತಿದರೆ ಹೊರಗೆ ಚಿಮ್ಮುವ ಗುಂಡಿ ಅದು. ನಾನು ಗೆಲ್ಲತೊಡಗಿದ್ದು ಅದರ ಮರುದಿನದಿಂದ.

ಷಡ್ಡಕರು ಪೆಟ್ಟಿಗೆಯನ್ನು ಮನೆಯೊಳಗೆ ತಂದು, ವೈರು ಜೋಡಿಸಿ ಚಾಲೂ ಮಾಡಿ, ಗುಂಡಿ ಒಳಗೆ ಒತ್ತಿದರು. ಹಳದಿ ದೀಪ ಹತ್ತಿತು. ಆಡಿ ನೋಡ್ರಿ ಎಂದು ಕುರ್ಚಿ ಎಳೆದುಕೊಟ್ಟರು. ಒಂದೊಂದು ನಡೆಗೆ ಅದಕ್ಕೆ ಕೊಟ್ಟಿದ್ದ ಸಮಯ ಮೊದಲಿನಷ್ಟೇ, ಹತ್ತು ಸೆಕೆಂಡು. ಆದರೆ ಆ ಹತ್ತು ಸೆಕೆಂಡಿನಲ್ಲಿ ಈಗ ಅದು ಎಷ್ಟೋ ಹೆಚ್ಚು ಯೋಚಿಸುತ್ತಿತ್ತು. ಮೊದಲನೆಯ ಆಟದಲ್ಲಿ ಆನೆ ಹೋಯಿತು, ಎರಡನೆಯದರಲ್ಲಿ ಮಂತ್ರಿಯೇ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಐದು ಆಟ ಆಡಿ ಐದೂ ಸೋತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಈ ಸಲ ಒಗ್ಗರಣೆ ಸೀದರೂ ಹೋಗಲಿಲ್ಲ. ಷಡ್ಡಕರು ಪಾಪ, ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಮನೆ ಬಿಟ್ಟು ನಡೀರಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಅದರ ಬದಲು ವೈರನ್ನು ಹಿಡಿದು ಎಳೆದು ಕಿತ್ತೆ. ಪರದೆ ಕಪ್ಪಾಯಿತು. ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಅಪ್ಪಾಜಿ ಪುಟ ತಿರುಗಿಸಿದ ಸದ್ದು ಕೇಳಿಸಿತು.

ಊಟಕ್ಕೆ ಕೂತು ಅನ್ನ ಕಲಸಿ ಹಾಗೇ ಬಿಟ್ಟೆ. ಸೋತದ್ದಕ್ಕೆ ಅಲ್ಲ, ಸೋಲು ನುಂಗಬಹುದಿತ್ತು. ಕಂಪ್ಯೂಟರನ್ನೇ ಸೋಲಿಸುವವನು ಎಂಬ ಒಂದೇ ಧೈರ್ಯದಲ್ಲಿ ನಾನು ಅಪ್ಪಾಜಿಯ ಮಣೆಯಿಂದ ಎದ್ದುಬಂದಿದ್ದೆ. ಒಂದೂವರೆ ವರ್ಷದ ಮಧ್ಯಾಹ್ನಗಳನ್ನು ಅರೆನಿದ್ದೆಯಲ್ಲಿದ್ದ ಒಂದು ತಗಡಿನ ಡಬ್ಬಿಯನ್ನು ನಂಬಿ ಕಳೆದಿದ್ದೆ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಅಮ್ಮನ ಮೇಲೆ ರೇಗಿದೆ. ಪೂಜೆ ಮಾಡಿದ್ದು ತಪ್ಪೇನೋ ಎಂದು ಅವಳು ಕೇಳಿದಾಗ ತಟ್ಟೆ ಸರಿಸಿ ಎದ್ದುಹೋದೆ.

ಸೋಮವಾರ ಬೆಳಿಗ್ಗೆ ಆ ಕಂಪ್ಯೂಟರ್ ಮಾರುವವನು ಅಂಗಡಿಗೆ ಬಂದ. ಯಾವ ಅಪ್‌ಗ್ರೇಡೂ ಬೇಡ, ಈಗಿರುವುದೇ ನನಗೆ ಹೆಚ್ಚಾಗಿದೆ ಎಂದು ಗದರಿಸಿ ಕಳಿಸಿದೆ. ಅವನಿಗೆ ಏನೂ ಅರ್ಥವಾಗಲಿಲ್ಲ. ಅಪ್ಪಾಜಿ ಗಾದಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು.

ಹಮಾಲರು ಊಟಕ್ಕೆ ಹೋದ ಮೇಲೆ ಅವರು ಕಪಾಟಿನಿಂದ ಡಬ್ಬಿ ತೆಗೆದು, ಮಣೆ ಬಿಡಿಸಿ, "ಒಂದಾಟ ಆಡಾನ ಬಾ," ಎಂದರು.

ಕೂತೆ. ಸಿಟ್ಟಿನಲ್ಲಿ ಬೇಕಾಬಿಟ್ಟಿ ಕಾಯಿ ನಡೆಸಿದೆ. ಆದರೂ ಗೆಲ್ಲುತ್ತಿದ್ದೆ. ಹದಿನೈದನೆಯ ನಡೆಗೋ ಏನೋ ಅವರು ಮಂತ್ರಿಯನ್ನು ತಂದು ನನ್ನ ಕುದುರೆಯ ಬಾಯಿಗೆ ಇಟ್ಟರು. ಹೊಡೆಯಲು ಕೈ ಎತ್ತಿದವನು ನಿಂತೆ. ಬರೀ ಮಣೆಯನ್ನಲ್ಲದೆ ಮೊದಲ ಸಲ ಅವರ ಮುಖವನ್ನೂ ನೋಡಿದೆ. ಅವರು ಬೇರೆಲ್ಲೋ ನೋಡುತ್ತಿದ್ದರು, ರಸ್ತೆಯ ಕಡೆ, ನನಗೆ ಹೊತ್ತು ಕೊಡುವವರಂತೆ. ನಿನ್ನೆ ಐದು ಸಲ ಸೋತವನಿಗೆ ಅವರು ಒಂದು ಗೆಲುವು ದಯಪಾಲಿಸುತ್ತಿದ್ದರು.

"ಬೇಕಂತ್ಲೇ ಇಟ್ರಿ," ಎಂದೆ. ನನ್ನ ದನಿ ಏರಿತ್ತು. "ಮೊದ್ಲೂ ಹಿಂಗೇ ಮಾಡ್ತಿದ್ರೇನ್ರಿ, ಅಪ್ಪಾಜಿ?"

ಅವರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಸೋತ್ರ ನೀ ಕಾಯಿ ಎಲ್ಲಾ ತಳ್ಳಿ ಎದ್ದು ಹೋಗ್ತಿದ್ದಿ. ನಾಕ್ ದಿನ ಮುಖ ತೋರಿಸ್ತಿರ್ಲಿಲ್ಲ. ಗೆದ್ರ ಕುಂದ್ರುತಿದ್ದಿ," ಎಂದರು. "ನಂಗ ನೀ ಕುಂತ್ರ ಸಾಕಿತ್ತು."

ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ಷಡ್ಡಕರ ಮೇಲೂ ಬಂದಿರಲಿಲ್ಲ. ಕಾಯಿಗಳನ್ನೆಲ್ಲ ಮತ್ತೆ ಮೊದಲಿನ ಮನೆಗಳಿಗೆ ಇಟ್ಟು, ಈಗ ಸರಿಯಾಗಿ ಆಡಿ ಎಂದೆ. ನಿಜವಾಗಲೂ ಎಂದು ಕೇಳಿದರು. ನಿಜವಾಗಲೂ ಎಂದೆ.

ಅವರು ಅಂಗಿಯ ತೋಳು ಮಡಚಿ ಕೂತರು. ಇಪ್ಪತ್ತು ನಡೆಯೊಳಗೆ ನನ್ನ ರಾಜನಿಗೆ ಹೋಗಲು ಮನೆಯಿರಲಿಲ್ಲ. ಎರಡನೆಯದೂ ಸೋತೆ, ಮೂರನೆಯದೂ ಸೋತೆ. ಊಟ ಮುಗಿಸಿ ಬಂದ ಹಮಾಲರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಲಾರಿಯವನು ಹಾರ್ನ್ ಬಾರಿಸುತ್ತಿದ್ದ. ಮಣೆಯನ್ನು ಎತ್ತಿ ಬೀದಿಗೆ ಎಸೆಯಬೇಕೆಂದು ಕೈ ತುಡಿಯುತ್ತಿತ್ತು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೇ ಇದ್ದೆ. ಅಪ್ಪಾಜಿ ನಾಲ್ಕನೆಯ ಆಟಕ್ಕೆ ಕಾಯಿ ಜೋಡಿಸಿದರು.