ಸರ್ವರಿ ಬೇಗಂಳ ಆಲುಗಡ್ಡಿ ತೋಪು

ದೇವದುರ್ಗದಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಅಲ್ಲಾಉದ್ದೀನ್‌ಗೆ ಸರ್ವರಿ ಬೇಗಂ ಒಬ್ಬಳೇ ಮಗಳು. ಅಪ್ಪ ಅಂಗಳದಲ್ಲಿ ಕೂತು ಎಣ್ಣೆ ಅಳೆಯುವ ಡಬ್ಬಿ, ಚಿಮಣಿ ಬುಡ್ಡಿ, ಮದುಮಕ್ಕಳ ಟ್ರಂಕು ಬಡಿಯುತ್ತಿದ್ದರೆ ಮಗಳು ಎದುರಿಗೆ ಕೂತು ತಿದಿ ಒತ್ತುವಳು. ಕಣ್ಣಿಗೆ ಕಾಣದ ಗಾಳಿ ಕಬ್ಬಿಣವನ್ನು ಕೆಂಪಗೆ ಮಾಡುತ್ತದಲ್ಲ, ಅದೇ ಆಕೆಗೆ ದೊಡ್ಡ ಸೋಜಿಗ. ಬಿದಿರಿನ ಕೊಳವೆಯ ಎರಡೂ ತುದಿಗೆ ಬೇವಿನಕಾಯಿ ತುರುಕಿ, ಹಿಂದಿನಿಂದ ಕಡ್ಡಿ ದೂಡಿ ಮುಂದಿನ ಕಾಯಿಯನ್ನು ಫಟ್ಟೆಂದು ಹಾರಿಸುವ ಆಟದಲ್ಲಿ ಓಣಿಯ ಗಂಡುಹುಡುಗರು ಯಾರೂ ಆಕೆಯ ಸರಿಸಮ ಬರುತ್ತಿರಲಿಲ್ಲ. "ಗಾಳಿ ಸೋರಬಾರದು, ಅಷ್ಟ ನೋಡವ್ವಾ," ಅಂತಿದ್ದ ಅಪ್ಪ, ಮಗಳ ಕೊಳವೆಯ ತುದಿಯನ್ನು ತಾನೇ ಅರದಿಂದ ಉಜ್ಜಿ ನುಣುಪು ಮಾಡಿ ಕೊಡುತ್ತಿದ್ದ.

ಎಪ್ಪತ್ಮೂರರಲ್ಲಿ ಆಕೆಯನ್ನು ಮಾನ್ವಿಗೆ ಕೊಟ್ಟರು. ಗಂಡ ಮೀರಾಹುಸೇನನದು ಸೈಕಲ್ ಶಾಪು. ಮುಂದಿನ ಕೋಣೆ ಶಾಪು, ಹಿಂದೆ ಮನೆ, ಮೇಲೆ ಮಣ್ಣಿನ ಮಾಳಿಗೆ. ಮೀರಾಹುಸೇನ ಜೋರಾಗಿ ಮಾತಾಡಲು ಬಾರದ ಮೆತ್ತನೆ ಮನುಷ್ಯ. ಜೋರು ದನಿಯೆಲ್ಲ ಅವನ ತಾಯಿ ಜಾಹೆದಾಳ ಪಾಲಿಗೆ ಬಂದಿತ್ತು.

ಮದುವೆಯಾದ ಮೊದಲ ಬೇಸಿಗೆಯಲ್ಲೇ ಸರ್ವರಿಗೆ ಆ ಮನೆಯ ಹಗೆ ಯಾರೆಂದು ತಿಳಿಯಿತು. ಮಂಗಗಳು. ಶಾವಿಗೆ, ಸಂಡಿಗೆ, ಉಪ್ಪು ಹಚ್ಚಿದ ಮೆಣಸಿನಕಾಯಿ, ಏನು ಒಣಗಲು ಹಾಕಿದರೂ ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತ ದಂಡು ಬಂದು ಬಾಚಿಕೊಂಡು ಹೋಗುತ್ತಿತ್ತು. ಜಾಹೆದಾ ಕೋಲು ಹಿಡಿದು ಬಿಸಿಲಲ್ಲಿ ಕಾವಲು ಕೂತು ಬೈದೇ ಬೈದಳು. ಅವು ಕೂತು ಕೇಳಿಸಿಕೊಂಡವು. ಒಂದು ಮುದಿ ಗಂಡು ಮಂಗವಂತೂ ಆಕೆಯ ಕೋಲನ್ನೇ ಕಸಿದುಕೊಂಡು ಪಕ್ಕದ ಮನೆಯ ಬಸ್ಸಮ್ಮನ ಮಾಳಿಗೆಗೆ ಹೋಗಿ ಕೂತಿತು.

ಅವತ್ತು ಸರ್ವರಿ ಶಾಪಿನ ಮೂಲೆಯಲ್ಲಿ ಬಿದ್ದಿದ್ದ ಹಾಳು ಸೈಕಲ್ ಪಂಪನ್ನು ಎತ್ತಿಕೊಂಡಳು. ಅದರ ತುದಿಯನ್ನು ಗರಗಸದಿಂದ ಕತ್ತರಿಸಿ, ಅಡುಗೆಮನೆಯ ಆಲುಗಡ್ಡೆಗೆ ಒತ್ತಿದಳು. ಕೊಳವೆಯ ಬಾಯಿಗೆ ಗುಂಡನೆಯ ಬಿರಡೆಯಂತೆ ತುಂಡೊಂದು ಕಚ್ಚಿ ಕೂತಿತು. ಮಾಳಿಗೆ ಹತ್ತಿ ಹಿಡಿಕೆ ಜೋರಾಗಿ ದೂಡಿದಳು. ಫಟ್! ಆಲುಗಡ್ಡೆ ಹೋಗಿ ಮುದಿ ಮಂಗನ ಕುಂಡಿಗೆ ಬಡಿಯಿತು. ಅದು ಕೋಲು ಬಿಟ್ಟು, ತಿರುಗಿ ನೋಡಿ, ಅಲ್ಲೇ ಬಟ್ಟೆ ಒಣಹಾಕುತ್ತಿದ್ದ ಬಸ್ಸಮ್ಮನೇ ಹೊಡೆದಳೆಂದು ತಿಳಿದು ಆಕೆಗೆ ಹಲ್ಲು ಕಿರಿದು ಓಡಿತು.

"ಏನದು ನಿನ್ನ ಕೈಯಾಗ?" ಜಾಹೆದಾ ಕೇಳಿದಳು.

"ಪಂಪ್ ಅಮ್ಮೀ."

"ಹೊಸ ಸೊಸಿ ಮಾಳಿಗಿ ಮ್ಯಾಲ ನಿಂತು ಬಂದೂಕು ಹೊಡಿತಾಳ ಅಂದ್ರ ಮಂದಿ ಏನಂತಾರ?" ಅಂದ ಜಾಹೆದಾ ಮರುಗಳಿಗೆಯೇ ದನಿ ಇಳಿಸಿದಳು. "ಅಲ್ಲಿ ನೋಡು, ನೀರಿನ ಟಾಕಿ ಹಿಂದ ಇನ್ನೊಂದು ಅದ."

ಮಂಗಗಳ ನೆಪದಿಂದ ಶುರುವಾದದ್ದು ಬರಬರುತ್ತ ಹುಚ್ಚೇ ಆಯಿತು. ಶುಕ್ರವಾರ ಶಾಪು ಮುಚ್ಚಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹಿತ್ತಲಲ್ಲಿ ಕೂರುತ್ತಿದ್ದರು. ಮೀರಾಹುಸೇನ ಪೈಪು ಕೊಯ್ಯುವನು, ಸರ್ವರಿ ಅಪ್ಪನಿಂದ ಕಲಿತ ಬೆಸುಗೆ ಹಾಕುವಳು. ಉದ್ದ ಕೊಳವೆ, ಗಿಡ್ಡ ಕೊಳವೆ, ಕಟ್ಟಿಗೆಯ ಹಿಡಿಕೆ ಇರುವ ಗಾಳಿ ಬಂದೂಕು, ಹೀಗೆ ಒಂದಾದ ಮೇಲೊಂದು. ಕೆಲವು ಫುಸ್ಸೆಂದವು. ಒಂದರ ಹಿಡಿಕೆ ಹಿಂದಕ್ಕೆ ಹಾರಿ ಮೀರಾಹುಸೇನನ ಟೋಪಿಯನ್ನು ಬಾವಿಗೆ ಬೀಳಿಸಿತು. ಅವನಿಗೆ ಸಿಟ್ಟು ಬರಲಿಲ್ಲ, "ಇನ್ನಾ ಸ್ವಲ್ಪ ಕೆಳಗ ಬಂದಿದ್ರ ಛಲೋ ಇತ್ತು, ಕಟಿಂಗ್ ರೊಕ್ಕ ಉಳಿತಿತ್ತು," ಅಂದ.

ಎಲ್ಲಕ್ಕಿಂತ ದೊಡ್ಡದು ಆಲುಗಡ್ಡಿ ತೋಪು. ಗದ್ದೆಯವರು ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಹಿತ್ತಾಳೆ ಪಂಪೊಂದನ್ನು ಯಾರೋ ರಿಪೇರಿಗೆ ಕೊಟ್ಟು, ಹೊಸದು ಕೊಂಡು ಇದನ್ನು ಮರೆತುಬಿಟ್ಟಿದ್ದರು. ಸರ್ವರಿ ಅದನ್ನು ತಿಕ್ಕಿ ತೊಳೆದು, ಅದಕ್ಕೆ ನಲ್ಲಿ ಜೋಡಿಸಿ, ನಲ್ಲಿಗೆ ಆಳುದ್ದದ ನೀರಿನ ಪೈಪು ಕೂಡಿಸಿದಳು. ಗಾಳಿ ತುಂಬಿ ನಲ್ಲಿಯನ್ನು ಗಪ್ಪನೆ ತಿರುಗಿಸಿದರೆ ಢಮ್! ಓಣಿಯ ನಾಯಿಗಳೆಲ್ಲ ಒಮ್ಮೆಲೇ ಎದ್ದವು. ಆಲುಗಡ್ಡೆ ಮಂಗಗಳ ತಲೆಯ ಮೇಲಿಂದ ಹಾರಿ ಬಸ್ಸಮ್ಮನ ಅಂಗಳಕ್ಕೆ ಇಳಿದು, ಕಟ್ಟೆಯ ಮೇಲಿನ ಮೊಸರಿನ ಗಡಿಗೆಯನ್ನು ಒಡೆಯಿತು.

ಬಸ್ಸಮ್ಮ ಗಡಿಗೆಯ ಚೂರು ಹಿಡಿದುಕೊಂಡೇ ಬಂದಳು. ಮೊಣಕೈತನಕ ಮೊಸರು. ಸರ್ವರಿ ತಲೆ ಬಗ್ಗಿಸಿ ನಿಂತಳು.

"ತಪ್ಪಾತು ಬಸ್ಸಕ್ಕಾ. ನಮ್ಮ ಗಡಗಿ ಒಯ್ಯಿ, ಮೊಸರೂ ಒಯ್ಯಿ."

"ಮೊಸರು ಹಾಳಾಗಿ ಹೋಗ್ಲಿ," ಬಸ್ಸಮ್ಮ ಏದುಸಿರು ಬಿಡುತ್ತ ಅಂದಳು. "ನಾ ಒಳಗಿದ್ದೆ, ನೋಡಲಿಲ್ಲ. ಇನ್ನೊಮ್ಮಿ ಹೊಡಿ, ನೋಡ್ತೀನಿ."

ಇಂಥ ಸದ್ದು ಓಣಿಯಲ್ಲೇ ಉಳಿದೀತೇ? ಸೈಕಲ್ ಶಾಪಿನವರ ಮಾಳಿಗೆ ಮೇಲೆ ತೋಪು ಕೂಡಿಸಿದ್ದಾರಂತೆ ಎಂಬ ಸುದ್ದಿ ಕೇಳಿ ಪೊಲೀಸ್ ಠಾಣೆಯ ಫೌಜದಾರರು ಒಂದು ಮಧ್ಯಾಹ್ನ ಬಂದೇಬಿಟ್ಟರು. ಮೀರಾಹುಸೇನನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗೆ ಬಿತ್ತು. ಫೌಜದಾರರು ಮಾಳಿಗೆ ಹತ್ತಿ, ತೋಪಿನ ಸುತ್ತ ಒಂದು ಸುತ್ತು ಬಂದು, ಮೀಸೆ ತಿಕ್ಕಿದರು.

"ಮದ್ದು ಎಲ್ಲಿಟ್ಟೀರಿ?"

"ಮದ್ದಿಲ್ಲರೀ ಸಾಹೇಬ್ರ, ಬರೀ ಗಾಳಿ," ಸರ್ವರಿ ಸೆರಗು ಸರಿಮಾಡಿಕೊಂಡು ಅಂದಳು.

"ಲೈಸೆನ್ಸ್ ಅದ?"

ಪಕ್ಕದ ಮಾಳಿಗೆಯಿಂದ ಬಸ್ಸಮ್ಮ ಕೂಗಿದಳು. "ಆಲುಗಡ್ಡಿಗೂ ಲೈಸೆನ್ಸ್ ಬೇಕೇನ್ರೀ ಯಪ್ಪಾ? ಹಂಗಾದ್ರ ನಮ್ಮ ಬದನಿಕಾಯಿಗೂ ಕೊಟ್ಟುಬಿಡ್ರಿ!"

ಫೌಜದಾರರಿಗೆ ನಗು ತಡೆಯಲಾಗಲಿಲ್ಲ. ಒಮ್ಮೆ ಹೊಡೆದು ತೋರಿಸಲು ಹೇಳಿದರು. ನೋಡಿದ ಮೇಲೆ ತಾವೂ ಒಮ್ಮೆ ಹೊಡೆದರು. ಹೋಗುವಾಗ, "ಮುಂದ ಯಾರನ್ನೂ ನಿಲ್ಲಿಸಬ್ಯಾಡ್ರಿ. ನಮಾಜಿನ ಹೊತ್ತಿಗಿ, ಗುಡಿಯಾಗಿನ ಪೂಜಿ ಹೊತ್ತಿಗಿ ಸುಮ್ಮನಿರ್ರಿ," ಎಂದಷ್ಟೇ ಹೇಳಿದರು. ಆ ಮಾತನ್ನು ಸರ್ವರಿ ಎಂದೂ ಮೀರಲಿಲ್ಲ.

ಎಂಬತ್ತೊಂದರಲ್ಲಿ ನಾದಿನಿ ಅಸ್ಮತ್‌ಳ ಮದುವೆ ಗೊತ್ತಾಯಿತು. ಗಂಡಿನವರು ರಾಯಚೂರಿನವರು, ಮದುವೆಯೂ ಅಲ್ಲೇ. ಜಾಹೆದಾ ಮಗಳಿಗೆ ಏನೇನು ಬೇಕೆಂದು ಕೇಳಿದರೆ ಅಸ್ಮತ್, "ಭಾಬೀದು ತೋಪು ಕೊಡ್ರಿ. ರಾಯಚೂರಿನ್ಯಾಗೂ ಮಂಗ್ಯಾ ಅವ," ಅಂದಳು. ಕೊನೆಗೆ ಕೌದಿಯಲ್ಲಿ ಸುತ್ತಿದ ತೋಪು ಮಂಚ, ಹಂಡೆ, ಪಾತ್ರೆಗಳ ಜೊತೆಗೆ ಬಸ್ಸು ಹತ್ತಿತು. ಮೆರವಣಿಗೆಗೆ ಪಟಾಕಿ ತರುವುದು ಹೆಣ್ಣಿನವರ ಮಾತಾಗಿತ್ತು. ಪಟಾಕಿಯ ಮೂಟೆಯನ್ನು ಬಸ್ಸಿನ ಮೇಲೆ ಕಟ್ಟಿದ್ದರು. ದಾರಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹುಯ್ದು, ರಾಯಚೂರಿಗೆ ಬಂದು ಬಿಚ್ಚಿ ನೋಡಿದರೆ ಪಟಾಕಿಯೆಲ್ಲ ಕಲಸಿದ ಹಿಟ್ಟಿನಂತಾಗಿತ್ತು.

ಮದುಮಗನ ದೊಡ್ಡಪ್ಪ ಶಂಶುದ್ದೀನ್ ಸಾಹೇಬರು ಮುಖ ಊದಿಸಿಕೊಂಡು ಕುರ್ಚಿ ಹಾಕಿ ಕೂತುಬಿಟ್ಟರು. "ಸದ್ದಿಲ್ಲದ ಮೆರವಣಿಗಿ ಅಂದ್ರ ಮಯ್ಯತ್ ಹೊತ್ತು ಒಯ್ದಂಗ. ಪಟಾಕಿ ಬರೂತನ ಮದುಮಗನ ಗಾಡಿ ಒಂದು ಹೆಜ್ಜಿ ಮುಂದ ಹೋಗಂಗಿಲ್ಲ." ಬ್ಯಾಂಡಿನವರು ತುತ್ತೂರಿ ಬಗಲಲ್ಲಿಟ್ಟುಕೊಂಡು ಬೀಡಿ ಹಚ್ಚಿದರು. ಹೂವಿನ ಕಾರಿನಲ್ಲಿ ಮದುಮಗ ಬೆವರುತ್ತ ಕೂತ.

ಮೀರಾಹುಸೇನ ಹೆಂಡತಿಯ ಮುಖ ನೋಡಿದ. ಸರ್ವರಿ ಆಗಲೇ ಅಡುಗೆಯವನ ಕಡೆಗೆ ನಡೆದಿದ್ದಳು. ಅಲ್ಲಿ ಎಲ್ಲಿ ನೋಡಿದರೂ ಬದನೆಕಾಯಿ, ಟೊಮ್ಯಾಟೊ. ಕೊನೆಗೆ ಗೋಣಿಯ ತಳದಲ್ಲಿ ಒಂದಿಷ್ಟು ಆಲುಗಡ್ಡೆ ಸಿಕ್ಕವು. ಕೌದಿ ಬಿಚ್ಚಿ ತೋಪನ್ನು ನಡುಬೀದಿಗೆ ತಂದಾಗ ಶಂಶುದ್ದೀನ್ ಸಾಹೇಬರು ಕುರ್ಚಿಯಿಂದಲೇ ಗದರಿದರು. "ಹೆಣ್ಣುಮಗಳು ಹೊಡಿಯೋದೇನು? ನಿಮ್ಮ ಕಡಿ ಗಂಡಸರ್ಯಾರೂ ಇಲ್ಲೇನು?"

ಮೆತ್ತನೆ ಮೀರಾಹುಸೇನ ಜನ್ಮದಲ್ಲಿ ಮೊದಲ ಸಲ ದನಿ ಎತ್ತಿದ. "ಅದೀನ್ರೀ ಸಾಹೇಬ್ರ, ಗಾಳಿ ಹಾಕಾಕ. ಮಾಡಿದಾಕಿ ಆಕಿ, ಹೊಡಿಯಾಕಿನೂ ಆಕಿನ."

ಅವನು ಗಾಳಿ ಹಾಕಿದ. ಜನ ಎರಡೂ ಕಡೆ ಸರಿದರು. ಸರ್ವರಿ ಆಕಾಶಕ್ಕೇ ಗುರಿ ಹಿಡಿದಿದ್ದಳು, ಆದರೆ ತೋಪು ಆನಿಸಿಟ್ಟ ಕಲ್ಲಿನಿಂದ ಜಾರಿ ಪಕ್ಕಕ್ಕೆ ವಾಲಿತು. ಢಮ್! ಆಲುಗಡ್ಡೆ ಬೀದಿಯ ಬದಿಯ ಗೋಡೆಗೆ ಒರಗಿಸಿಟ್ಟಿದ್ದ ಬ್ಯಾಂಡಿನ ದೊಡ್ಡ ಡೋಲಿಗೆ ನೇರ ಹೋಗಿ ಬಡಿಯಿತು. ಡೋಲು ಗುಡುಗಿತು. ಬೀದಿಗೆ ಬೆನ್ನು ಮಾಡಿ ಕೂತಿದ್ದ ಬ್ಯಾಂಡಿನ ಯಜಮಾನ ಅಪ್ಪಣೆಯಾಯಿತೆಂದು ಬೀಡಿ ಬಿಸಾಕಿ ತುತ್ತೂರಿ ಬಾಯಿಗಿಟ್ಟ. ಅವನ ಹಿಂದೆ ಎಲ್ಲ ವಾದ್ಯಗಳೂ ಒಮ್ಮೆಲೇ ಎದ್ದವು. ಕಾರಿನವನು ಗಾಡಿ ಬಿಟ್ಟೇಬಿಟ್ಟ!

ಸರ್ವರಿ ಹೆದರಿ ಸಾಹೇಬರ ಕಡೆ ನೋಡಿದಳು. ಅವರು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಗಡ್ಡ ಅಲುಗುವಂತೆ ನಗುತ್ತಿದ್ದರು. "ಇನ್ನೊಂದು! ಇನ್ನೊಂದು ಹೊಡಿ ಬೇಟಿ!"

ಈ ಸಲ ಆಕೆ ತೋಪನ್ನು ಭದ್ರ ಮಾಡಿ, ಆಲುಗಡ್ಡೆಯ ಮುಂದೆ ಬುಟ್ಟಿಯಲ್ಲಿದ್ದ ಗುಲಾಬಿ ಪಕಳೆಗಳನ್ನು ಮೆತ್ತಗೆ ತುಂಬಿದಳು. ಢಮ್ ಅಂದದ್ದೇ ತಡ, ಕರೆಂಟಿನ ದೀಪಗಳಿಗಿಂತ ಮೇಲಕ್ಕೆ ಹೋಗಿ ಹರಡಿದ ಹೂವು ಮದುಮಗನ ಮೇಲೆ, ಬ್ಯಾಂಡಿನವರ ಮೇಲೆ, ಸಾಹೇಬರ ಗಡ್ಡದ ಮೇಲೆ ನಿಧಾನ ಇಳಿಯಿತು. ಹೆಂಗಸರ ನಡುವೆ ಜಾಹೆದಾ ಎಲ್ಲರನ್ನೂ ಮೊಣಕೈಯಿಂದ ತಿವಿಯುತ್ತಿದ್ದಳು. "ನನ್ನ ಸೊಸಿ! ದೇವದುರ್ಗದಾಕಿ! ನಾನ ಹುಡುಕಿ ತಂದೀನಿ!"

ತೋಪು ರಾಯಚೂರಿನಲ್ಲೇ ಉಳಿಯಿತು. ಅಸ್ಮತ್ ಅದನ್ನು ಎಷ್ಟು ಮಂಗಗಳ ಮೇಲೆ ಹೊಡೆದಳೋ ಗೊತ್ತಿಲ್ಲ. ಶಂಶುದ್ದೀನ್ ಸಾಹೇಬರು ಮಾತ್ರ ನೆಂಟರು ಬಂದಾಗಲೆಲ್ಲ ಅದನ್ನು ಹೊರಗೆ ತೆಗೆಸುತ್ತಿದ್ದರಂತೆ.

ಸರ್ವರಿ ಮನೆಗೆ ಬಂದು ಇನ್ನೊಂದು ಕಟ್ಟಿದಳು. ಮುಂದಿನ ವರ್ಷಗಳಲ್ಲಿ ಮದುವೆಗೆ ಹೂವು ಹಾರಿಸಲು ಕರೆ ಬಂದರೆ ಗಂಡನ ಜೊತೆ ಬಸ್ಸು ಹತ್ತಿ ಹೋಗುವಳು, ಉಂಡು ಬರುವಳು. ಕೊಳ್ಳಲು ಕೇಳಿದವರಿಗೆ ಇಲ್ಲವೆನ್ನುವಳು. ರಾಯಚೂರಿನ ಅಂಗಡಿಗಳಿಗೆ ಪ್ಲಾಸ್ಟಿಕ್ ಪೈಪು ಬಂದಾಗ ಮೀರಾಹುಸೇನ ಆಸೆಯಿಂದ ಒಂದು ತಂದ. ಸರ್ವರಿ ಬಗ್ಗಿಸಿ ನೋಡಿ, "ಗಾಳಿ ತುಂಬಿದ್ರ ಇದು ಸೀಳ್ತದ, ಬಚ್ಚಲಕ್ಕ ಹಾಕ್ರಿ," ಅಂದಳು.

ಎಂಬತ್ತೇಳರ ಬೇಸಿಗೆಯಲ್ಲಿ ಗಬ್ಬೂರಿನಿಂದ ಮಾರೆಮ್ಮ ಎಂಬ ಹೆಂಗಸು ಹುಡುಕಿಕೊಂಡು ಬಂದಳು. ಕುರಿ ಕಾಯುವ ಮನೆತನದವಳು. ಯಾವುದೋ ಮದುವೆಯಲ್ಲಿ ಸರ್ವರಿ ಹೂವು ಹಾರಿಸುವುದನ್ನು ನೋಡಿದ್ದಳಂತೆ. ತನಗೂ ಮಾಡಲು ಕಲಿಸಬೇಕೆಂದು ಕೇಳಿದಳು.

"ಮಂಗ್ಯಾ ಕಾಟ ಅದ ಏನವ್ವಾ?" ಸರ್ವರಿ ಕೇಳಿದಳು.

"ಇಲ್ಲ."

"ಬೆಳಿಗಿ ಹಕ್ಕಿ ಬರ್ತಾವ?"

"ನಮಗ ಹೊಲಾನ ಇಲ್ಲ."

"ಮತ್ತ್ಯಾಕ ಬೇಕು?"

ಮಾರೆಮ್ಮ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿದಳು. "ಸುಮ್ನ. ಢಮ್ ಅಂತದಲ್ಲ, ಅದಕ್ಕ."

ಸರ್ವರಿ ಆಕೆಯ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. "ಬಾ ಕುಂದ್ರು. ಮೊದ್ಲು ಚಾ ಕುಡಿ, ಆಮ್ಯಾಲ ಗರಗಸ ಹಿಡಿಯೋದು ತೋರಿಸ್ತೀನಿ."