ಎದೆ ಉರಿಗೆ ಅತ್ತೆಯ ಮದ್ದು

ಹೊಟ್ಟೆ ಹಿಡಿದುಕೊಂಡು ಯಾರೇ ಬಂದರೂ ನಮ್ಮ ಅತ್ತೆಯ ಮೊದಲ ಪ್ರಶ್ನೆ ಒಂದೇ: “ಏನ್ ತಿಂದೆ?” ನಾಡಿ ನೋಡುತ್ತಿರಲಿಲ್ಲ, ನಾಲಿಗೆ ನೋಡುತ್ತಿರಲಿಲ್ಲ. ತಿಂದದ್ದು ಗೊತ್ತಾದರೆ ಮದ್ದು ತಾನಾಗಿ ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಅವರೆಕಾಳು ತಿಂದು ಹೊಟ್ಟೆ ಉಬ್ಬಿದವರಿಗೆ ಓಮ ಮತ್ತು ಕಲ್ಲುಪ್ಪು. ಕಡಲೆಕಾಯಿ ಮಿತಿಮೀರಿ ತಿಂದವರಿಗೆ ಚೂರು ಬೆಲ್ಲ, ಬಾಳೆಹಣ್ಣಿಗೆ ಏಲಕ್ಕಿ. ಬಾಡೂಟ ಉಂಡು ಮೇಲುಸಿರು ಬಿಡುತ್ತ ಬಂದವರಿಗೆ, ವರ್ಷಗಟ್ಟಲೆ ಉಪ್ಪಿನಲ್ಲಿ ಕೂತು ಕಪ್ಪಾದ ನಿಂಬೆಹಣ್ಣಿನ ಒಂದು ಹೋಳು. ಒಮ್ಮೆ ಪಕ್ಕದ ತೋಟದವರು ಬೀಗರ ಮನೆಯಲ್ಲಿ ಎಷ್ಟು ಒಬ್ಬಟ್ಟು ತಿಂದರೆಂದು ಹೆಂಡತಿಯ ಎದುರು ಹೇಳಲಾಗದೆ “ಎರಡೇ” ಎಂದರು. “ಎರಡು ತಿಂದ ಹೊಟ್ಟೆ ಹಿಂಗೆ ಮಾತಾಡಲ್ಲ ಬುಡು” ಎಂದು ಅತ್ತೆ ಮೆಣಸಿನ ಸಾರು ಕಾಯಿಸಲು ಎದ್ದರು.

ಅವರ ಸೆರಗಿನ ತುದಿಯಲ್ಲೂ ಸದಾ ಓಮದ ಒಂದು ಸಣ್ಣ ಗಂಟು ಇರುತ್ತಿತ್ತು. ಕೆಲಸದ ನಡುವೆ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೆಲವರಿಗೆ ಎಲೆ ಅಡಿಕೆ ಇರುವ ಹಾಗೆ ಇವರಿಗೆ ಇದು ಚಟ ಅಂದುಕೊಂಡಿದ್ದೆ.

ನಾನು ತುಮಕೂರು ಪೇಟೆಯಲ್ಲಿ ಬೆಳೆದವಳು. ತೊಂಬತ್ತರ ದಶಕದ ನಡುವೆ ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಹತ್ತಿರದ ಆ ಮನೆಗೆ ಸೊಸೆಯಾಗಿ ಹೋದೆ. ಮಾವ ತೆಂಗಿನ ತೋಟವನ್ನೂ ಒಂದಿಷ್ಟು ರಾಗಿ ಹೊಲವನ್ನೂ ನೋಡಿಕೊಳ್ಳುತ್ತಿದ್ದರು. ಗಂಡ ಕುಣಿಗಲ್ ಕಡೆ ಅಮೃತೂರಿನಲ್ಲಿ ಮೇಷ್ಟ್ರು, ಅಲ್ಲೇ ರೂಮು ಮಾಡಿಕೊಂಡು ಶನಿವಾರ ಬರುತ್ತಿದ್ದರು. ಉಳಿದ ದಿನವೆಲ್ಲ ನಾನು, ಅತ್ತೆ, ಒಲೆ.

ಮದುವೆಯಾಗಿ ಎರಡು ತಿಂಗಳಾಗಿತ್ತೋ ಇಲ್ಲವೋ, ಎದೆ ಉರಿ ಶುರುವಾಯಿತು. ಹೊಟ್ಟೆ ಉರಿ ಎನ್ನಬಹುದಿತ್ತು, ಆದರೆ ಹೊಸ ಸೊಸೆ ಹಾಗೆಂದರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಬಿಸಿಲೇರುತ್ತಿದ್ದಂತೆ ಒಳಗೆಲ್ಲ ಸುಡುತ್ತಿತ್ತು, ಹುಳಿ ತೇಗು ಗಂಟಲಿಗೆ ಬರುತ್ತಿತ್ತು.

“ಏನ್ ತಿಂದೆ?”

“ಏನೂ ತಿಂದಿಲ್ಲ ಅತ್ತೆ.”

“ನೆನ್ನೆ?”

“ನೀವು ತಿಂದಿದ್ದೇ.”

ಅತ್ತೆಗೆ ಇಂಥ ರೋಗಿ ಸಿಕ್ಕಿದ್ದು ಅದೇ ಮೊದಲು. ಜೀರಿಗೆ ಕಷಾಯ ಕೊಟ್ಟರು. ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ನೀರು ಕುಡಿಸಿದರು. ದೊಡ್ಡಪತ್ರೆ ಎಲೆ ಬಾಡಿಸಿ, ರುಬ್ಬಿ, ಮಜ್ಜಿಗೆಗೆ ಕಲಸಿಕೊಟ್ಟರು. ಕುಡಿದಾಗ ಹಿತ, ಮರುದಿನ ಮತ್ತೆ ಅದೇ ಪಾಡು. ಆಮೇಲೆ ಅಡುಗೆಯಿಂದ ಒಂದೊಂದನ್ನೇ ಓಡಿಸಿದರು: ಮೊದಲು ಹಸಿಮೆಣಸಿನಕಾಯಿ, ಆಮೇಲೆ ಹುಣಸೆಹುಳಿ, ಕೊನೆಗೆ ಹುರುಳಿ. ಸಾರು ಎಷ್ಟು ಸಪ್ಪೆಯಾಯಿತೆಂದರೆ ಮಾವ ಉಪ್ಪಿನಕಾಯಿ ಜಾಡಿಯನ್ನೇ ಪಕ್ಕದಲ್ಲಿಟ್ಟುಕೊಂಡು ಉಣ್ಣತೊಡಗಿದರು.

ದಸರೆಗೆ ತವರಿಗೆ ಹೋದೆ. ತುಮಕೂರಿನಲ್ಲಿ ಅಮ್ಮನ ಖಾರದ ಸಾರು, ಗಾಡಿಯವನ ಮೆಣಸಿನಕಾಯಿ ಬೋಂಡಾ, ಯಾವುದನ್ನೂ ಬಿಡದೆ ತಿಂದೆ. ಉರಿ ಹತ್ತಿರ ಸುಳಿಯಲಿಲ್ಲ. ವಾಪಸ್ ಬಂದ ಎರಡೇ ದಿನಕ್ಕೆ ಹಾಜರ್.

ಅತ್ತೆ ನೀರಿನ ಮೇಲೆ ತಪ್ಪು ಹೊರಿಸಿದರು. ಅಕ್ಕಪಕ್ಕದ ಹೆಂಗಸರು ಅಷ್ಟಕ್ಕೆ ಬಿಡಲಿಲ್ಲ. ಟೌನ್ ಹುಡುಗಿಗೆ ಮುದ್ದೆ ಅರಗಲ್ಲ ಎಂದರು. ಆಮೇಲೆ, ಈ ಮನೆ ಅನ್ನವೇ ಅವಳಿಗೆ ಒಗ್ಗಲಿಲ್ಲ ಎಂದರು. ಆ ಮಾತು ನನಗೆ ನಾಟಿತು. ಅರಗಲ್ಲ ಎಂದರೆ ಜಗಳವಾಡಬಹುದು, ಒಗ್ಗಲಿಲ್ಲ ಎಂದರೆ ಏನು ಹೇಳುವುದು? ನಿಜವಿರಬಹುದು ಎಂದು ಹೆದರಿಕೆಯಾಯಿತು. ಮುಂದಿನ ಸಲ ತುಮಕೂರಿಗೆ ಹೋದರೆ ಈ ಕಡೆಯ ಬಸ್ಸು ಹತ್ತುವುದೇ ಬೇಡ ಎಂದು ಮನಸ್ಸು ಹೇಳತೊಡಗಿತ್ತು. ಶನಿವಾರ ಗಂಡನ ಮುಂದೆ ತೋಡಿಕೊಂಡರೆ, “ಅಮ್ಮಂಗೆ ಹೇಳು, ಮದ್ದು ಕೊಡ್ತಾರೆ” ಎಂದರು. ಮೇಷ್ಟ್ರ ಬುದ್ಧಿ ಅಷ್ಟೇ.

ನೆರೆಯವರ ಮಾತು ಅತ್ತೆಯ ಕಿವಿಗೂ ಬಿತ್ತು. “ನಾಳೆ ಬೆಳಗಿಂದ ನೀನ್ ಏನ್ ತಿಂತೀಯ ಅಂತ ನಾನೇ ಕಣ್ಣಾರೆ ನೋಡ್ತೀನಿ” ಎಂದರು. ನಾನು ಕದ್ದು ಏನೋ ತಿನ್ನುತ್ತೇನೆಂದು ಅವರಿಗೆ ಅನುಮಾನ. ನನಗೆ ಮೈಯೆಲ್ಲ ಸಿಟ್ಟು. ನೋಡಲಿ ಎಂದುಕೊಂಡೆ.

ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿದೆ. ಮಾವನಿಗೂ ಆಳುಗಳಿಗೂ ಉಪ್ಪಿಟ್ಟು ಬಡಿಸಿದೆ. ತಳದಲ್ಲಿ ಎರಡು ಸೌಟು ಉಳಿದಿತ್ತು. ಅಷ್ಟರಲ್ಲಿ ಕಾಯಿ ವ್ಯಾಪಾರಿ ಬಂದ, ಅತ್ತೆಯೇ “ತಿಂಡಿ ಆಯ್ತೇನಪ್ಪ?” ಎಂದು ಕೇಳಿ ಅದನ್ನು ಅವನಿಗೆ ಹಾಕಿಸಿದರು. ಉಳಿದದ್ದು ದಿನಾ ಹೀಗೆ ಬಂದವರ ಪಾಲೇ. ನಮ್ಮ ಕಡೆ ದಾರಿಯಲ್ಲಿ ಹೋಗುವವರನ್ನೂ ಊಟ ಆಯ್ತಾ, ತಿಂಡಿ ಆಯ್ತಾ ಎಂದು ಕೇಳುತ್ತಾರೆ. ಅಡುಗೆಮನೆಯ ಒಳಗಿರುವವರನ್ನು ಕೇಳುವ ರೂಢಿ ಮಾತ್ರ ಇಲ್ಲ. ಹತ್ತು ಗಂಟೆಗೆ ನಾನೂ ಅತ್ತೆಯೂ ಇನ್ನೊಂದು ಲೋಟ ಕಾಫಿ ಕುಡಿದೆವು. ಸಾರಾಯಿತು, ಮುದ್ದೆಯಾಯಿತು. ಗಂಡಸರು ಉಣ್ಣದೆ ಹೆಂಗಸರು ತಟ್ಟೆ ಮುಟ್ಟಬಾರದೆಂದು ಅತ್ತೆಗೆ ಅವರ ಅತ್ತೆ ಕಲಿಸಿದ್ದರು. ಮಾವ ತೋಟದಿಂದ ಬಂದದ್ದು ಎರಡೂವರೆಯ ಮೇಲೆ. ಅವರದಾಗಿ, ಆಳುಗಳದಾಗಿ, ತಟ್ಟೆ ತೊಳೆದು ನಾವಿಬ್ಬರು ಕೂರುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಅತ್ತೆ ಮುದ್ದೆ ಮುರಿಯಲಿಲ್ಲ. ನನ್ನನ್ನೇ ನೋಡಿದರು.

“ಬೆಳಗಿಂದ ನೀನ್ ಏನೂ ತಿಂದೇ ಇಲ್ವಲ್ಲೇ.”

“ಇಷ್ಟು ದಿನ ಅದನ್ನೇ ಹೇಳ್ತಾ ಇದೀನಲ್ಲ ಅತ್ತೆ.”

“ನಾನೂ ತಿಂದಿಲ್ಲ” ಎಂದರು, ತಮಗೆ ತಾವೇ ಹೇಳಿಕೊಳ್ಳುವ ಹಾಗೆ. ಅವರ ಕೈ ಸೆರಗಿನ ಗಂಟಿನ ಮೇಲಿತ್ತು. ನನಗೆ ಆಗ ಹೊಳೆಯಿತು.

“ನಿಮಗೂ ಉರಿ ಇದೆಯಾ ಅತ್ತೆ?”

“ಅದಾ? ಮದ್ವೆ ಆದಾಗಿಂದ ಐತೆ. ಸೊಸೆ ಆದ್ಮೇಲೆ ಇರೋದೇ ಹಿಂಗೆ ಅಂದ್ಕಂಡಿದ್ದೆ. ಅದು ಕಾಯಿಲೆ ಅಂತ ಯಾರ್ ಹೇಳಿದ್ರು ನಂಗೆ?”

ಬೆಳಗಿನಿಂದ ಅವರ ಮೇಲೆ ಕೂಡಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಊರಿಗೆಲ್ಲ “ಏನ್ ತಿಂದೆ” ಎಂದು ಕೇಳುವ ಈ ಹೆಂಗಸನ್ನು ತಿಂದೆಯಾ ಎಂದು ಒಬ್ಬರೂ ಕೇಳಿರಲಿಲ್ಲ, ನಾನೂ ಸೇರಿದಂತೆ.

ಮರುದಿನ ಮಧ್ಯಾಹ್ನ ಮುದ್ದೆ ಇಳಿಸಿದ ಕೂಡಲೇ ಅತ್ತೆ ಎರಡು ತಟ್ಟೆ ಹಾಕಿದರು.

“ಕೂತ್ಕ.”

“ಮಾವ ಇನ್ನೂ ಬಂದಿಲ್ಲ ಅತ್ತೆ.”

“ಕೂತ್ಕ ಅಂದೆ.”

ಅರ್ಧ ಉಂಡಿದ್ದೆವು. ಎಂದೂ ಬೇಗ ಬಾರದ ಮಾವ ಅವತ್ತೇ ಮಚ್ಚು ಮರೆತು ವಾಪಸ್ ಬರಬೇಕೇ. ಅಡುಗೆಮನೆ ಬಾಗಿಲಲ್ಲಿ ನಿಂತು ನಮ್ಮ ತಟ್ಟೆ ನೋಡಿದರು. ನಾನು ಏಳಲು ಹೋದೆ. ಅತ್ತೆ ಎಡಗೈಯಲ್ಲಿ ನನ್ನ ತೊಡೆ ಅದುಮಿ ಕೂರಿಸಿದರು.

“ಏನು, ನಾವ್ ಬರಕ್ ಮುಂಚೇನೇ ಊಟ ಶುರುವಾಗೈತೆ?”

ಅತ್ತೆ ತಲೆ ಎತ್ತಲಿಲ್ಲ. “ಊಟ ಅಲ್ಲ, ಮದ್ದು. ಇಬ್ರೂ ಹೊತ್ತಿಗೆ ಸರಿಯಾಗಿ ತಗಬೇಕು. ನೀವ್ ಬಂದ್ಮೇಲೆ ಬಿಸಿ ಮುದ್ದೆ ಕಟ್ಕೊಡ್ತೀನಿ.”

ಅತ್ತೆಯ ಮದ್ದಿಗೆ ಎದುರು ಮಾತಾಡುವವರು ಆ ಊರಲ್ಲಿ ಇರಲಿಲ್ಲ. ಮಾವ ಮಚ್ಚು ತೆಗೆದುಕೊಂಡು ತೋಟಕ್ಕೆ ಹೋದರು.

ಆ ತಿಂಗಳು ಮುಗಿಯುವುದರೊಳಗೆ ನನ್ನ ಉರಿ ಹೋಯಿತು. ಹುಣಸೆಹುಳಿ, ಹಸಿಮೆಣಸಿನಕಾಯಿ, ಹುರುಳಿ ಎಲ್ಲ ಅಡುಗೆಗೆ ವಾಪಸ್ ಬಂದವು. ಅತ್ತೆಯದು ಹಳೆಯ ಉರಿ, ಕಡಿಮೆಯಾಯಿತೇ ಹೊರತು ಪೂರ್ತಿ ಬಿಡಲಿಲ್ಲ, ಸೆರಗಿನ ಗಂಟೂ ಉಳಿಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೂ ನಮ್ಮ ಮನೆಯಲ್ಲಿ ಹೆಂಗಸರ ಮಧ್ಯಾಹ್ನದ ಊಟಕ್ಕೆ ಮದ್ದು ಎಂದೇ ಹೆಸರು. ಒಳಗಿದ್ದವರ ಹಸಿವನ್ನು ಒಂದು ದಿನವೂ ವಿಚಾರಿಸದಿದ್ದ ಮಾವ, ತೋಟದಿಂದ ಬಂದು ಕಾಲು ತೊಳೆಯುತ್ತ ಜಗಲಿಯಿಂದಲೇ ದಿನಾ ಕೇಳುತ್ತಿದ್ದರು:

“ಮದ್ದಾಯ್ತಾ?”

“ಆಯ್ತು, ಬನ್ನಿ” ಎನ್ನುತ್ತಿದ್ದರು ಅತ್ತೆ.