ಹಲ್ಲಕ್ಕ ದೇಶದೊಳಗಿಲ್ಲ

ಗಡಿ ಕಚೇರಿಯ ಒಳಬರುವ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ಪಾಸ್‌ಪೋರ್ಟುಗಳಿಗೆ ಸೀಲು ಗುದ್ದಿದವನು ನಾನು. ಎಲ್ಲರ ಬಾಯಲ್ಲೂ ನಾನು ಸೀಲಣ್ಣ. ಹೆತ್ತವರು ಇಟ್ಟ ಹೆಸರು ಸರ್ವಿಸ್ ಪುಸ್ತಕದೊಳಗೆ ಬೆಚ್ಚಗೆ ಮಲಗಿತ್ತು. ವರ್ಷಕ್ಕೊಮ್ಮೆ ಗಡಿ ದಾಟುವವರು ನಾನು ಸೀಲು ಎತ್ತಿದರೆ ಉಸಿರು ಬಿಗಿ ಹಿಡಿದು ನಿಲ್ಲುತ್ತಿದ್ದರು. ವಾರಕ್ಕೆರಡು ಸಲ ದಾಟುವವರಿಗೆ ಆ ಭಯ ಭಕ್ತಿ ಏನೂ ಇರಲಿಲ್ಲ. "ಆ ಮೂಲೆಗೆ ಹಾಕಿ ಸಾರ್, ಪುಟ ಉಳೀಲಿ" ಅಂತ ಜಗಳಕ್ಕೇ ಬರುತ್ತಿದ್ದರು. ಪಾಸ್‌ಪೋರ್ಟು ಅವರಪ್ಪನ ಆಸ್ತಿಯೇನೋ ಅನ್ನುವ ಹಾಗೆ. ಹಲ್ಲಕ್ಕ ಈ ಎರಡನೆಯ ಗುಂಪಿಗೆ ಸೇರಿದವರು.

ಹಲ್ಲಕ್ಕ ಅಂದರೆ ಹಲ್ಲು ಕಟ್ಟುವ ಅಕ್ಕ. ಡಾಕ್ಟರಲ್ಲ. ಬೊಚ್ಚು ಬಾಯಿಯವರ ಒಸಡಿನ ಅಚ್ಚನ್ನು ಡಾಕ್ಟರು ತೆಗೆದು ಕಳಿಸಿದರೆ, ಅದರ ಮೇಲೆ ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಉಜ್ಜಿ ನಯ ಮಾಡಿ ಸೆಟ್ಟು ಕಟ್ಟಿ ಕೊಡುವವರು. ಗಡಿಯಾಚೆಯ ಊರಿನಲ್ಲಿ ಹಲ್ಲಿನ ಡಾಕ್ಟರು ಆರು ಜನ ಇದ್ದರು, ಹಲ್ಲು ಕಟ್ಟುವವರು ಒಬ್ಬರೂ ಇರಲಿಲ್ಲ. ಹಾಗಾಗಿ ಪ್ರತಿ ಮಂಗಳವಾರ, ಶುಕ್ರವಾರ ಇವರು ಒಂದು ಸ್ಟೀಲ್ ಡಬ್ಬಿ ಹಿಡಿದು ಬೆಳಿಗ್ಗೆ ದಾಟಿ, ಸಂಜೆ ಹೊಸ ಅಚ್ಚುಗಳನ್ನು ತುಂಬಿಕೊಂಡು ವಾಪಸು ಬರುತ್ತಿದ್ದರು. ಡಬ್ಬಿಯೊಳಗೆ ಹತ್ತಿ, ಹತ್ತಿಯ ಮೇಲೆ ನಾಲ್ಕೈದು ಸೆಟ್ಟು ಹಲ್ಲು. ಸುಂಕದ ಕಡೆಗೆ ಹೊಸದಾಗಿ ಬಂದವನೊಬ್ಬ ಮೊದಲ ದಿನ ಅದನ್ನು ತೆರೆದು, ಕುರ್ಚಿ ಸಮೇತ ಹಿಂದಕ್ಕೆ ಸರಿದಿದ್ದ.

ಒಳಬರುವ ಪ್ರತಿಯೊಬ್ಬರೂ ಒಂದು ಕಾರ್ಡು ಬರೆದು ಕೊಡಬೇಕು. ಹೆಸರು, ಪಾಸ್‌ಪೋರ್ಟ್ ನಂಬರು, ಹೋಗಿದ್ದ ಉದ್ದೇಶ. ಉದ್ದೇಶದ ಸಾಲಿನಲ್ಲಿ ಇವರು 'ಹಲ್ಲು' ಅಂತ ಬರೆಯುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ.

"ಹಲ್ಲು ಅಂದ್ರೆ ಏನ್ರೀ? ಕೆಲಸ ಅಂತ ಬರೀರಿ."

"ಕೆಲಸ ಅಂತ ಬರೆದ್ರೆ ಏನು ಕೆಲಸ ಅಂತ ಕೇಳ್ತೀರಿ. ಆಗ ಹಲ್ಲು ಅಂತಲೇ ಹೇಳ್ಬೇಕು. ಈಗಲೇ ಬರೆದ್ರೆ ನಿಮ್ಮ ಬಾಯಿಗೂ ಸುಖ, ನನ್ನ ಬಾಯಿಗೂ ಸುಖ." ಹಾಗಂದು ನನ್ನ ಮುಖ ಬಿಟ್ಟು ಬಾಯಿಯನ್ನೇ ನೋಡಿದರು. "ಎಡಗಡೆ ಅಗೀತಿಲ್ಲ ಅಲ್ವಾ ನೀವು?"

ಅಗಿಯುತ್ತಿರಲಿಲ್ಲ. ಎರಡು ದವಡೆ ಹಲ್ಲು ಹೋಗಿ ವರ್ಷವಾಗಿತ್ತು. ಆ ಭಾನುವಾರವೇ ಅವರ ಮನೆಗೆ ಹೋದೆ. ಕಚೇರಿಯಿಂದ ಕಾಲು ಗಂಟೆ ನಡಿಗೆ. ಹಿಂದಿನ ಕೋಣೆಯೇ ಅವರ ಕಾರ್ಖಾನೆ. ಒಂದು ಚಿಕ್ಕ ಉರಿ, ಕೆಂಪು ಮೇಣದ ಹಾಳೆಗಳು, ಮೇಜಿನ ತುಂಬ ಬಿಳಿ ಪುಡಿ, ಗೋಡೆಯುದ್ದಕ್ಕೂ ಹಲಗೆಯ ಮೇಲೆ ಯಾರ್ಯಾರದೋ ಬಾಯಿ. ಅವರ ಯಜಮಾನರು ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು, ಕೈ ನಡುಕ ಶುರುವಾದ ಮೇಲೆ ಮನೆಯಲ್ಲೇ ಇದ್ದರು. ಹಲ್ಲಿನ ಬಣ್ಣ ಆರಿಸುವುದು ಮಾತ್ರ ಅವರದೇ. ನನ್ನನ್ನು ಕಿಟಕಿಯ ಬಳಿ ಕೂರಿಸಿ, ಬಣ್ಣದ ಮಾದರಿಗಳನ್ನು ನಡುಗುವ ಕೈಯಲ್ಲಿ ಒಂದೊಂದಾಗಿ ತುಟಿಗೆ ಹಿಡಿದು ನೋಡಿದರು. "ಬೆಳ್ಳಗಿರೋದೇ ಕೊಡಿ" ಅಂದೆ. "ಕಟ್ಟಿದ ಹಲ್ಲು ಅಂತ ಊರಿಗೆಲ್ಲ ಗೊತ್ತಾಗೋದೇ ಆ ಆಸೆಯಿಂದ" ಅಂತ ನಕ್ಕು, ನನ್ನ ಮಿಕ್ಕ ಹಲ್ಲುಗಳಷ್ಟೇ ಹಳದಿಯದನ್ನು ಎತ್ತಿಟ್ಟರು. ಗಂಡ ಹೆಂಡತಿ ದಿನವಿಡೀ ಒಬ್ಬರ ಕಾಲೊಬ್ಬರು ಎಳೆಯುತ್ತ ಕೆಲಸ ಮಾಡುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಅನ್ನಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೂರು ವರ್ಷದ ಹಿಂದಿನ ಒಂದು ಶುಕ್ರವಾರ, ಎರಡು ಬಸ್ಸು ಒಟ್ಟಿಗೆ ಬಂದು ಕಚೇರಿಯ ಹಜಾರ ತುಂಬಿಹೋಗಿತ್ತು. ಸಾಲು ಬಾಗಿಲು ದಾಟಿ ಅಂಗಳಕ್ಕೆ ಇಳಿದಿತ್ತು. ತಲೆ ಎತ್ತಿದರೆ ಸಾಲಿನ ಕೊನೆಯಲ್ಲಿ ಹಲ್ಲಕ್ಕ. ಕೈಯಲ್ಲಿ ಡಬ್ಬಿ ಇಲ್ಲ, ಪಾಸ್‌ಪೋರ್ಟು ಮಾತ್ರ. ಡಬ್ಬಿಯಿಲ್ಲದೆ ಅವರನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಕೈ ಬೀಸಿ ಕರೆದೆ.

"ಯಜಮಾನ್ರು ಮನೇಲಿ ಬಿದ್ಬಿಟ್ಟಿದ್ದಾರಂತೆ. ಎದೆ ನೋವಂತೆ. ಪಕ್ಕದ ಮನೆಯವರು ನಾನಿದ್ದ ಕ್ಲಿನಿಕ್ಕಿಗೆ ಫೋನ್ ಮಾಡಿದ್ರು" ಅಂದರು. ಅಳುತ್ತಿರಲಿಲ್ಲ. ಆದರೆ ಕಾರ್ಡು ಬರೆಯಲು ಪೆನ್ನು ಕೊಟ್ಟರೆ ಕೈ ನಿಲ್ಲಲಿಲ್ಲ. ಕಾರ್ಡಿಲ್ಲದೆ ಸೀಲು ಹಾಕುವ ಹಾಗಿಲ್ಲ, ಸೀಲಿಲ್ಲದೆ ರಿಜಿಸ್ಟರಿನಲ್ಲಿ ಬರೆಯುವ ಹಾಗಿಲ್ಲ. ನನ್ನ ಮುಂದೆ ಏಳು ಜನರ ಒಂದು ಸಂಸಾರ ತಮ್ಮ ಏಳು ಕಾರ್ಡನ್ನೂ ತಪ್ಪು ಬರೆದು ನಿಂತಿತ್ತು.

"ಹೋಗಿ, ಹೋಗಿ. ಮಂಗಳವಾರ ಬಂದಾಗ ಕಾರ್ಡು ಕೊಡಿ, ಸೀಲು ಹಾಕ್ತೀನಿ" ಅಂದು ಪಕ್ಕದ ಚಿಕ್ಕ ಗೇಟನ್ನು ನಾನೇ ಎದ್ದು ತೆಗೆದೆ. ದಿನಾ ನೋಡುವ ಮುಖ, ಎಲ್ಲಿಗೆ ಓಡಿಹೋಗುತ್ತಾರೆ ಅನ್ನುವ ಧೈರ್ಯ. ಅಪರೂಪಕ್ಕೆ ಬರುವವರನ್ನಾಗಿದ್ದರೆ ಸತ್ತರೂ ಹಾಗೆ ಬಿಡುತ್ತಿರಲಿಲ್ಲ.

ಯಜಮಾನರು ತೀರಿಕೊಂಡ ಸುದ್ದಿ ಮರುದಿನ ಬಂತು. ಮಂಗಳವಾರ ಹಲ್ಲಕ್ಕ ಬರಲಿಲ್ಲ, ಅದರ ಮುಂದಿನ ಮಂಗಳವಾರವೂ ಬರಲಿಲ್ಲ. ಅಷ್ಟರಲ್ಲಿ ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಲಾರಿ ಗೇಟಿಗೆ ಹಾಕಿದರು. ಒಂದೂವರೆ ತಿಂಗಳ ಮೇಲೆ ಅವರು ಮತ್ತೆ ಡಬ್ಬಿ ಹಿಡಿದು ಹೊರಟಾಗ, ಹೊರಹೋಗುವ ಕೌಂಟರಿನಲ್ಲಿದ್ದವರು ಹಿಂದಿನ ಪುಟ ತಿರುವಿ ನೋಡಲಿಲ್ಲ. ಹೋಗುವ ರಿಜಿಸ್ಟರು ಒಂದು ಕೋಣೆಯಲ್ಲಿ, ಬರುವ ರಿಜಿಸ್ಟರು ಇನ್ನೊಂದು ಕೋಣೆಯಲ್ಲಿ. ಅವೆರಡಕ್ಕೂ ಮುಖಾಮುಖಿ ಭೇಟಿಯೇ ಇರಲಿಲ್ಲ. ನಾನಂತೂ ಮರೆತೇಬಿಟ್ಟೆ.

ಭೇಟಿ ಮಾಡಿಸಿದ್ದು ಕಂಪ್ಯೂಟರು. ಪದೇ ಪದೇ ದಾಟುವವರಿಗೆ ಐದು ವರ್ಷದ ಒಂದು ಕಾರ್ಡು ಕೊಡುವ ಯೋಜನೆ ಬಂತು. ಅದೊಂದಿದ್ದರೆ ಯಂತ್ರಕ್ಕೆ ತೋರಿಸಿ ನಡೆಯುತ್ತಿರಬಹುದು, ಬರೆಯುವ ಗೋಳಿಲ್ಲ, ಸಾಲಿಲ್ಲ. ಹಲ್ಲಕ್ಕ ಅರ್ಜಿ ಹಾಕಿದವರಲ್ಲಿ ಮೊದಲಿಗರು. ಗಡಿಯಾಚೆ ಮದುವೆಯಾಗಿ ಹೋದ ಒಬ್ಬಳೇ ಮಗಳಿಗೆ ತುಂಬಿದ ತಿಂಗಳು. ಹೆರಿಗೆಗೆ ಇನ್ನು ಹದಿನೇಳೋ ಹದಿನೆಂಟೋ ದಿನ ಅಂತ ಡಾಕ್ಟರು ಹೇಳಿದ್ದರು. ಹೆರಿಗೆಯ ಹೊತ್ತಿಗೆ ಮಗಳ ಪಕ್ಕದಲ್ಲಿರಬೇಕು, ಆಮೇಲೆ ದಿನಾ ಹೋಗಿ ಬಂದು ಬಾಣಂತಿಯನ್ನು ನೋಡಿಕೊಳ್ಳಬೇಕು ಅನ್ನುವುದು ಅವರ ಲೆಕ್ಕಾಚಾರ. ಅರ್ಜಿ ಹಾಕಿದವರ ಐದು ವರ್ಷದ ಓಡಾಟವನ್ನು ಕಂಪ್ಯೂಟರಿಗೆ ಹಾಕಿ ನೋಡಿದರೆ, ಹಲ್ಲಕ್ಕ ಹೋದದ್ದಕ್ಕಿಂತ ಬಂದದ್ದು ಒಂದು ಕಮ್ಮಿ.

ಹೊಸ ಮೇಡಂ ವಿಚಾರಣೆಗೆ ಕರೆದರು. ಮೇಡಂ ಅಂದರೆ ನಮ್ಮ ಮೇಲಧಿಕಾರಿ, ಬಂದು ಆರು ತಿಂಗಳಾಗಿತ್ತು. ಅವರ ಕೋಣೆಗೂ ನನ್ನ ಕೌಂಟರಿಗೂ ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೇ. ಎಲ್ಲಾ ಕೇಳಿಸುತ್ತಿತ್ತು.

"ಆ ಶುಕ್ರವಾರ ಬೆಳಿಗ್ಗೆ ಹೋಗಿದ್ದೀರಿ. ವಾಪಸ್ ಬಂದಿದ್ದು ಎಲ್ಲೂ ಇಲ್ಲ. ಒಂದೂವರೆ ತಿಂಗಳಾದ ಮೇಲೆ ಮತ್ತೆ ಹೋಗಿದ್ದೀರಿ. ದಾಖಲೆ ಪ್ರಕಾರ ನಡುವೆ ನೀವು ದೇಶದೊಳಗೇ ಇಲ್ಲ."

"ಮನೇಲೇ ಇದ್ದೆ ಮೇಡಂ. ನಮ್ಮ ಯಜಮಾನ್ರು ಹೋದ ದಿನ ಅದು."

ಮೇಡಂ ಕೆಟ್ಟವರಲ್ಲ. "ಮನೇಲಿದ್ರಿ ಅಂತ ನಾನೂ ನಂಬ್ತೀನಿ. ಯಾವ ದಾರೀಲಿ ಬಂದ್ರಿ ಅನ್ನೋದು ಬೇಕು ನನಗೆ. ನಮ್ಮವರು ಯಾರಾದ್ರೂ ಸೀಲಿಲ್ಲದೆ ಬಿಟ್ಟಿದ್ರೆ ಹೆಸರು ಹೇಳಿ, ಸರಿ ಮಾಡೋಣ. ಇಲ್ಲಾಂದ್ರೆ ಕಳ್ಳದಾರೀಲಿ ಬಂದ ಹಾಗೆ ಆಗುತ್ತೆ. ಅದು ಇತ್ಯರ್ಥ ಆಗೋವರೆಗೆ ಪಾಸ್‌ಪೋರ್ಟು ಇಲ್ಲೇ ಇರ್ಬೇಕು."

ಆ ಶುಕ್ರವಾರ, ನಾನೇ ತೆಗೆದ ಚಿಕ್ಕ ಗೇಟು, ಎಲ್ಲ ಒಟ್ಟಿಗೆ ನೆನಪಾಯಿತು. ಆ ಕಡೆಯಿಂದ ಹಲ್ಲಕ್ಕನ ದನಿ ಬಂತು: "ಯಾರಿದ್ರು ಅಂತ ಜ್ಞಾಪಕ ಇಲ್ಲ ಮೇಡಂ."

ನನ್ನ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ವಿಚಾರಣೆಯ ಬಾಲ ಅಂಟಿಕೊಂಡರೆ ಕಾಗದಪತ್ರವೆಲ್ಲ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಎದ್ದು ಆ ಕೋಣೆಗೆ ನಾಲ್ಕು ಹೆಜ್ಜೆ ಇಡಬೇಕಾಗಿತ್ತು, ಇಡಲಿಲ್ಲ. ಒಂದು ದಿನವಲ್ಲ, ಹನ್ನೊಂದು ದಿನ ಮೀನ ಮೇಷ ಎಣಿಸಿದೆ. ಹಲ್ಲಕ್ಕ ದಿನಾ ಬೆಳಿಗ್ಗೆ ಬಂದು ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದರು. ನನ್ನನ್ನು ಕಂಡರೆ ಎಂದಿನ ಹಾಗೆ ತಲೆಯಾಡಿಸುತ್ತಿದ್ದರು. ಮರೆತಿದ್ದಾರಾ, ಇಲ್ಲ ನನ್ನನ್ನು ಋಣದಲ್ಲಿ ಕೆಡವಲು ನೋಡುತ್ತಿದ್ದಾರಾ? ಒಂದೊಂದು ಸಲ ಅವರ ಮೇಲೆಯೇ ರೇಗುತ್ತಿತ್ತು. ಹೇಳಿಬಿಟ್ಟಿದ್ದರೆ ನನ್ನ ತಲೆನೋವು ಅವತ್ತೇ ಮುಗಿಯುತ್ತಿತ್ತಲ್ಲ! ಮುಳ್ಳಿನ ಮೇಲೆ ಕೂತ ಹಾಗೆ ಕೂತು, ಸಿಕ್ಕಸಿಕ್ಕವರ ಮೇಲೆಲ್ಲ ಹರಿಹಾಯ್ದೆ.

ಹನ್ನೊಂದನೆಯ ದಿನ ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಬಾಯಿಬಿಟ್ಟೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ನಿಮ್ಮ ರಿಟೈರ್‌ಮೆಂಟಿಗೆ ಎಷ್ಟು ದಿನ ಇದೆ?"

"ಮೂರೂವರೆ ತಿಂಗಳು."

"ಅಲ್ಲೀವರೆಗೆ ಹೆರಿಗೆ ಮುಂದಕ್ಕೆ ಹಾಕ್ಕೋ ಅಂತ ಆ ಹುಡುಗೀಗೆ ಹೇಳಿ ಕಳಿಸಿದ್ದೀರಾ?" ಅಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಮಾರನೆಯ ಬೆಳಿಗ್ಗೆ ಮೇಡಂ ಮುಂದೆ ನಿಂತು, ಬಿಟ್ಟವನು ನಾನೇ ಅಂತ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹನ್ನೊಂದು ದಿನದಿಂದ ಆ ಹೆಂಗಸು ನಿಮ್ಮ ಕಣ್ಣೆದುರೇ ಕೂತಿದ್ದಾರೆ" ಅಂದರು, ಅಷ್ಟೇ. ಆಮೇಲೆ ಬೀರುವಿನಿಂದ ತಿದ್ದುಪಡಿ ನಮೂನೆ ತೆಗೆದು ಕೊಟ್ಟರು. ಪ್ರಯಾಣಿಕರೂ ಅಧಿಕಾರಿಯೂ ಒಟ್ಟಿಗೆ ಕೂತು ತುಂಬಿ, ಇಬ್ಬರೂ ಸಹಿ ಹಾಕಬೇಕು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮೂನೆ ದೊಡ್ಡ ಕಚೇರಿಗೆ ಹೋಗಿ ದಾಖಲೆ ಸರಿಯಾಗಿ ಪಾಸ್‌ಪೋರ್ಟು ಬಿಡುಗಡೆಯಾಗಲು ಒಂಬತ್ತು ದಿನ ಹಿಡಿಯಿತು. ಮಗು ಆರನೆಯ ದಿನವೇ ಹುಟ್ಟಿತ್ತು, ಹೆಣ್ಣು. ಹಲ್ಲಕ್ಕ ಅದರ ಮೊದಲ ಅಳುವನ್ನು ಗಡಿಯ ಈಚೆ ನಿಂತು ಫೋನಿನಲ್ಲಿ ಕೇಳಿದರು. ನಾನು ಮೊದಲ ದಿನವೇ ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಅವರು ಮಗಳ ಪಕ್ಕದಲ್ಲಿರುತ್ತಿದ್ದರು. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದು ಛೀಮಾರಿ ಸೇರಿತು, ನಿವೃತ್ತಿಯ ಕಾಗದ ತಡವಾಗಿ ಬಂತು. ಅದರ ಬಗ್ಗೆ ನನಗೆ ದೂರಿಲ್ಲ. ಐದು ವರ್ಷದ ಆ ಕಾರ್ಡು ಈಗ ಹಲ್ಲಕ್ಕನ ಕೈಯಲ್ಲಿದೆ.

ಆ ನಮೂನೆ ತುಂಬಿದ ಬೆಳಿಗ್ಗೆ ಮಾತ್ರ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಮೇಡಂ ನಮಗೆ ಕೋಣೆ ಬಿಟ್ಟುಕೊಟ್ಟು ಹೊರಗೆ ಹೋದರು. ಎದುರು ಬದುರು ಕೂತೆವು. "ನನ್ನಿಂದ ತಪ್ಪಾಯ್ತು ಅಕ್ಕ" ಅನ್ನಬೇಕೆಂದು ಹೊರಟವನು, ನಾಚಿಕೆಗೆ ತಲೆ ಎತ್ತಲಾರದೆ ನೇರ ನಮೂನೆಗೇ ಇಳಿದೆ. ಹೆಸರು ಬರೆದೆ. ತಾರೀಖು ಬರೆದೆ. ಬಿಟ್ಟ ಅಧಿಕಾರಿ ಅನ್ನುವ ಕಡೆ ನನ್ನ ಹೆಸರನ್ನೇ ಬರೆದೆ. ಮುಂದಿನ ಚೌಕ, ಒಳಬಂದ ಸಮಯ. ಖಾಲಿ ಬಿಟ್ಟರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.

"ಸಮಯ ಏನಂತ ಬರೀಲಿ? ಮೂರು ವರ್ಷ ಆಯ್ತು, ನನಗಂತೂ ನೆನಪಿಲ್ಲ. ಸುಮಾರು ನಾಲ್ಕೂವರೆ ಅನ್ನೋಣವಾ?"

"ನಾಲ್ಕು ಗಂಟೆ ಹತ್ತು ನಿಮಿಷ" ಅಂದರು ಹಲ್ಲಕ್ಕ.

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?"

"ನಿಮ್ಮ ತಲೆ ಮೇಲಿನ ಗಡಿಯಾರ ನೋಡ್ತಾನೇ ನಿಂತಿದ್ದೆ. ಮನೆ ಹೊಸ್ತಿಲು ದಾಟಿದಾಗ ನಾಲ್ಕು ಇಪ್ಪತ್ತೈದು. ಅವರಿಗೆ ಇನ್ನೂ ಎಚ್ಚರ ಇತ್ತು. 'ಬಂದ್ಯಾ?' ಅಂದ್ರು. 'ಬಂದೆ' ಅಂದೆ. ಕೈ ಹಿಡ್ಕೊಂಡು ಕೂತೆ. ನಾಲ್ಕು ನಲವತ್ತಕ್ಕೆ ಹೋದ್ರು."

ಅವತ್ತಿನ ಆ ಸಾಲು ಕರಗಿದ್ದು ಐದೂವರೆಗೆ. ಬೈದುಕೊಂಡು ರಿಜಿಸ್ಟರು ಮುಚ್ಚಿದ್ದು ನನಗೆ ಚೆನ್ನಾಗಿ ನೆನಪಿತ್ತು.

"ಹಾಗಾದ್ರೆ ಬಿಟ್ಟವನು ನಾನು ಅಂತ ಗೊತ್ತಿತ್ತು ನಿಮಗೆ."

"ಗೊತ್ತಿಲ್ದೆ ಏನು."

"ಮತ್ತೆ ಮೇಡಂ ಕೇಳಿದಾಗ ಹೇಳೋದಲ್ವಾ ಅಕ್ಕ? ಮಗಳ ಹೆರಿಗೆ ಹತ್ರ ಬಂದಿದೆ. ಯಾಕೆ ಬಾಯಿ ಮುಚ್ಕೊಂಡು ಕೂತ್ರಿ?"

ಹಲ್ಲಕ್ಕ ನನ್ನ ಮುಖವನ್ನೇ ನೋಡಿದರು, ಬಾಯಿಯನ್ನಲ್ಲ.

"ಆ ಕಾಲು ಗಂಟೆ ನನಗೆ ಕೊಟ್ಟವರು ನೀವು ಸೀಲಣ್ಣ. ಅದನ್ನ ನಿಮ್ಮ ತಪ್ಪು ಅಂತ ನನ್ನ ಬಾಯಿಂದ ಹೇಗೆ ಹೇಳ್ಲಿ?"

ಕಣ್ಣೊರೆಸಿಕೊಂಡು, ಚೌಕದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ ಎಂದು ಬರೆದು, ಕಾಗದವನ್ನು ಸಹಿಗೆ ಅವರ ಕಡೆ ತಿರುಗಿಸಿದೆ.